ಮುನಿಲಕ್ಷ್ಮಮ್ಮನ ಗುರುವಾರದ ಕಾಯಿಲೆ

ಬೂದಿಗೆರೆಯಲ್ಲಿ ಅಪ್ಪಯ್ಯಣ್ಣನವರ ಮನೆ ಎಲ್ಲಿ ಎಂದು ಯಾರನ್ನಾದರೂ ಕೇಳಿ ನೋಡಿ. ದಾರಿ ತೋರಿಸುವ ಮೊದಲು ಅವರು ನಿಮ್ಮನ್ನೇ ಕೇಳುತ್ತಾರೆ, "ಏನು, ಊಟಕ್ಕಾ?"

ಅಪ್ಪಯ್ಯಣ್ಣ ಊರಿಗೆ ದೊಡ್ಡ ಕುಳವೇನಲ್ಲ. ಒಂದಿಷ್ಟು ರಾಗಿ ಹೊಲ, ಒಂದು ದ್ರಾಕ್ಷಿ ತೋಟ, ಎರಡು ಹಸು. ಅವರ ಮನೆಗೆ ಹೆಸರು ತಂದದ್ದು ಅವರ ಹೆಂಡತಿ ಮುನಿಲಕ್ಷ್ಮಮ್ಮನ ಕೈರುಚಿ. ಜಮೀನು ಅಳೆಯಲು ಬಂದವರು, ಬೋರ್‌ವೆಲ್ ಲಾರಿಯವರು, ಸೈಟು ತೋರಿಸುವ ಬ್ರೋಕರುಗಳು ಎಲ್ಲರೂ ಹೇಗೋ ಹೊಂದಿಸಿಕೊಂಡು ಸರಿಯಾಗಿ ಊಟದ ಹೊತ್ತಿಗೇ ಆ ಮನೆಯ ಜಗಲಿ ಹತ್ತುತ್ತಿದ್ದರು. "ಅಕ್ಕಾ, ನಿಮ್ ಬಸ್ಸಾರು ಉಂಡ್ಮೇಲೆ ನಮ್ ಪಾರ್ಟಿಗಳು ರೇಟ್ ಬಗ್ಗೆ ಬಾಯೇ ಬಿಡಲ್ಲ" ಎಂದು ಬ್ರೋಕರ್ ಮುನಿರಾಜ್ ಹಲ್ಲು ಕಿರಿಯುತ್ತಿದ್ದ. ಅದು ಹೊಗಳಿಕೆ ಎಂದು ಅವನು ತಿಳಿದಿದ್ದ. ನಾಳೆ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಾನೆ ಎಂದು ಮುನಿಲಕ್ಷ್ಮಮ್ಮ ತಿಳಿಯುತ್ತಿದ್ದರು.

ನಮ್ಮದು ಪಕ್ಕದ ಮನೆ. ಈ ಕಥೆಯ ಮುಕ್ಕಾಲು ಪಾಲನ್ನು ನಾನು ಕೇಳಿದ್ದು ಮುನಿಲಕ್ಷ್ಮಮ್ಮನ ಬಾಯಿಂದಲೇ, ಹಿತ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುವಾಗ. ಉಳಿದ ಕಾಲು ಪಾಲು ಗೋಡೆಯ ಈಚೆಯಿಂದ ಕೇಳಿಸಿದ್ದು. ಗೋಡೆ ತೆಳು, ಅಪ್ಪಯ್ಯಣ್ಣನವರ ಗಂಟಲು ದೊಡ್ಡದು.

ನಂದಗುಡಿ ಕಡೆಯಿಂದ ಮದುವೆಯಾಗಿ ಬಂದಾಗ ಮುನಿಲಕ್ಷ್ಮಮ್ಮನಿಗೆ ಇನ್ನೂ ಎಳೆ ವಯಸ್ಸು. ಅತ್ತೆ ಒಂದು ವರ್ಷ ಪಕ್ಕದಲ್ಲಿ ನಿಂತು ನೋಡಿ, ಸೊಸೆಯ ಕೈ ಪಳಗಿದೆ ಎಂದು ಖಾತ್ರಿಯಾದ ದಿನ ಮುದ್ದೆ ಕೋಲನ್ನು ಅವರ ಕೈಗಿತ್ತು ಜಗಲಿಗೆ ಹೋಗಿ ಕೂತರಂತೆ. ಅಂದು ಒಲೆಯ ಮುಂದೆ ನಿಂತವರು ಇಂದಿಗೂ ನಿಂತಿದ್ದಾರೆ. ಮಗ ವಸಂತ್ ದೇವನಹಳ್ಳಿಯ ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಶಿಫ್ಟಿನ ಕೆಲಸಗಾರ. ಸೊಸೆ ಅರ್ಪಿತ ಖಾಸಗಿ ಶಾಲೆಯಲ್ಲಿ ಟೀಚರ್, ಒಳ್ಳೆಯ ಹುಡುಗಿ. "ಅತ್ತೆ, ಭಾನುವಾರ ನಾನ್ ಮಾಡ್ತೀನಿ" ಎಂದು ಒಮ್ಮೆ ನೂಡಲ್ಸ್ ಮಾಡಿದಳು. ಅಪ್ಪಯ್ಯಣ್ಣ ತಟ್ಟೆಯನ್ನು ಸರ್ಕಾರದಿಂದ ಬಂದ ನೋಟೀಸಿನಂತೆ ನೋಡಿದರು. ಅಲ್ಲಿಗೆ ಭಾನುವಾರದ ಪ್ರಯೋಗ ಮುಗಿಯಿತು.

ಕೆಲಸ ಹೆಚ್ಚಾಯಿತು ಎಂದು ಮುನಿಲಕ್ಷ್ಮಮ್ಮ ಕೊರಗಿದವರಲ್ಲ. ಅವರ ಬೇಸರ ಬೇರೆಯೇ ಇತ್ತು. "ನೀವೆಲ್ಲ ಅಪರೂಪಕ್ಕೆ ತಿಂತೀರ, ಆಹಾ ಅಂತೀರ. ನಾನು ಮದ್ವೆ ಆದಾಗಿಂದ ಒಂದೇ ಕೈ ಅಡುಗೆ ತಿಂತಿದೀನಿ ಕಣವ್ವ. ಒಗ್ಗರಣೆ ಹಾಕೋವಾಗ್ಲೇ ನನ್ ನಾಲಿಗೆಗೆ ಕೊನೇ ತುತ್ತಿನ್ ರುಚಿ ಗೊತ್ತಾಗ್ಬಿಡುತ್ತೆ" ಎಂದು ಒಮ್ಮೆ ನನ್ನ ಬಳಿ ಹೇಳಿದ್ದರು. ನಾನು ನಕ್ಕಿದ್ದೆ. ಅವರು ನಕ್ಕಿರಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದಾಗ ಅವರಿಗೆ ತಲೆ ಸುತ್ತಿ ಬಂತು. ವಸಂತನಿಗೆ ಶಿಫ್ಟು, ಅರ್ಪಿತಳಿಗೆ ಪರೀಕ್ಷೆ ಡ್ಯೂಟಿ, ಅಪ್ಪಯ್ಯಣ್ಣನಿಗೆ ದ್ರಾಕ್ಷಿಗೆ ಔಷಧಿ ಹೊಡೆಸುವ ದಿನ. "ನಾನೇ ಹೋಗ್ಬರ್ತೀನಿ ಬಿಡಿ" ಎಂದು ಆಧಾರ್ ಕಾರ್ಡನ್ನು ಪರ್ಸಿಗೆ ಹಾಕಿಕೊಂಡು, ಹೆಂಗಸರಿಗೆ ಬಿಟ್ಟಿಯಾಗಿರುವ ಬಸ್ಸು ಹತ್ತಿ ದೇವನಹಳ್ಳಿಯ ಆಸ್ಪತ್ರೆಗೆ ಹೋದರು. ಅದೊಂದು ಗುರುವಾರ.

ಚಿಕ್ಕ ವಯಸ್ಸಿನ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿ, "ಅಮ್ಮಾ, ಬಿಪಿ ನನಗಿಂತ ನಿಮಗೇ ಚೆನ್ನಾಗಿದೆ. ಬೆಳಿಗ್ಗೆ ಏನ್ ತಿಂದ್ರಿ?" ಎಂದರು.

"ಕಾಫಿ."

"ಆಮೇಲೆ?"

"ಆಮೇಲೆ ಎಲ್ರಿಗೂ ದೋಸೆ ಹುಯ್ದೆ."

"ನೀವೇನ್ ತಿಂದ್ರಿ ಅಂತ ಕೇಳಿದ್ದು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅದೇ ನಿಮಗೆ ಔಷಧಿ."

ಬಸ್ ನಿಲ್ದಾಣಕ್ಕೆ ಬಂದರೆ ಬೂದಿಗೆರೆ ಬಸ್ಸು ಆಗಷ್ಟೇ ಹೋಗಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ನಿಲ್ದಾಣದ ಪಕ್ಕದಲ್ಲೇ ಸರ್ಕಾರಿ ಕ್ಯಾಂಟೀನು. ಹತ್ತು ರೂಪಾಯಿಗೆ ಊಟ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಬೋರ್ಡಿನ ಕೆಳಗೆ ಉದ್ದದ ಸಾಲು. ಆಟೋದವರು, ಕ್ಯಾಬ್ ಡ್ರೈವರುಗಳು, ಗಾರೆ ಕೆಲಸದವರು, ಕಾಲೇಜು ಹುಡುಗಿಯರು. ಮುನಿಲಕ್ಷ್ಮಮ್ಮ ಸುಮ್ಮನೆ ನೋಡಲು ಹತ್ತಿರ ಹೋದರು. ಹಿಂದಿನಿಂದ ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡ ಹೆಂಗಸೊಬ್ಬಳು ಬಂದು, "ಸರ್ಕೊಳವ್ವ ಮುಂದಕ್ಕೆ, ಬಿಸಿಬೇಳೆ ಬಾತ್ ಖಾಲಿಯಾದ್ರೆ ಆಮೇಲೆ ಬೋರ್ಡ್ ನೋಡ್ಕೊಂಡ್ ಹೋಗ್ಬೇಕಾಗುತ್ತೆ" ಎಂದು ಮೊಣಕೈಯಿಂದ ತಳ್ಳಿದಳು. ಮುನಿಲಕ್ಷ್ಮಮ್ಮ ಸಾಲಿನೊಳಗೆ ಸೇರಿಬಿಟ್ಟರು. ಹೂವಿನವಳ ಹೆಸರು ಸೊಣ್ಣಮ್ಮ.

ಟೋಕನ್ ಕೊಟ್ಟು ತಟ್ಟೆ ತೆಗೆದುಕೊಂಡು, ಎತ್ತರದ ಸ್ಟೀಲ್ ಮೇಜಿನ ಮುಂದೆ ನಿಂತ ಮುನಿಲಕ್ಷ್ಮಮ್ಮನಿಗೆ ಏನು ಮಾಡಬೇಕೋ ತೋಚಲಿಲ್ಲ. ಬಿಸಿಬೇಳೆ ಬಾತ್ ಹಬೆಯಾಡುತ್ತಿತ್ತು. ಪಕ್ಕದಲ್ಲಿ ಮೊಸರನ್ನ. ಯಾರಾದರೂ ಉಪ್ಪು ಕೇಳುತ್ತಾರೇನೋ ಎಂದು ಒಂದು ಗಳಿಗೆ ಕಾದರು. ಯಾರೂ ಕೇಳಲಿಲ್ಲ. ನೀರು ಎಂದು ಯಾರೂ ಕೂಗಲಿಲ್ಲ. ಮೊದಲ ತುತ್ತು ಬಾಯಿಗಿಟ್ಟರು. ಚಕ್ಕೆ ತುಸು ಜಾಸ್ತಿಯಾಗಿತ್ತು, ಹುಣಸೆ ತುಸು ಕಮ್ಮಿ. ಎರಡನೆಯ ತುತ್ತು ಹೇಗಿರುತ್ತದೋ ಅವರಿಗೆ ಗೊತ್ತಿರಲಿಲ್ಲ. ಅದೇ ಖುಷಿಗೆ ಎರಡನೆಯದನ್ನೂ ತಿಂದರು, ಮೂರನೆಯದನ್ನೂ.

ತಿಂದು ಮುಗಿಸಿ ತಟ್ಟೆ ಹಿಡಿದು ನಲ್ಲಿಯ ಕಡೆ ಹೋಗಿ, ಸೆರಗು ಸಿಕ್ಕಿಸಿಕೊಂಡು ತೊಳೆಯಲು ಶುರು ಮಾಡಿದರು. ತಮ್ಮದರ ಜೊತೆಗೆ ಪಕ್ಕದಲ್ಲಿದ್ದ ನಾಲ್ಕಾರು ತಟ್ಟೆಗಳನ್ನೂ ಎಳೆದುಕೊಂಡಿದ್ದರು. ಟೋಕನ್ ಕೌಂಟರಿನ ಮಮತ ಓಡಿ ಬಂದಳು.

"ಅಮ್ಮಾ, ಏನ್ ಮಾಡ್ತಿದೀರ? ಬಿಡಿ, ಬಿಡಿ! ತೊಳೆಯೋಕೆ ಜನ ಇದಾರೆ. ನೀವು ತಿಂದ್ರಿ, ಹೋಗ್ತಾ ಇರಿ."

"ಹಂಗೇ ಹೋಗ್ಬಿಡೋದಾ?"

"ಮತ್ತೆ? ಆರತಿ ಎತ್ಬೇಕಾ?" ಎಂದಳು ಸೊಣ್ಣಮ್ಮ.

ಸಂಜೆ ಮನೆಯಲ್ಲಿ ಅಪ್ಪಯ್ಯಣ್ಣ ಕೇಳಿದರು, "ಏನಂದ್ರು ಡಾಕ್ಟ್ರು?"

ಏನೂ ಇಲ್ಲವಂತೆ ಎನ್ನಲು ಮುನಿಲಕ್ಷ್ಮಮ್ಮ ಬಾಯಿ ತೆರೆದರು. ಬಾಯಿಂದ ಬಂದದ್ದು ಬೇರೆ. "ಮುಂದಿನ್ ಗುರುವಾರ ಮತ್ತೆ ಬಾ ಅಂದ್ರು."

ಹೀಗೆ ಶುರುವಾಯಿತು ಕಾಯಿಲೆ. ಗುರುವಾರ ಬೆಳಿಗ್ಗೆ ಮನೆಯವರಿಗೆಲ್ಲ ಮಧ್ಯಾಹ್ನದ ಅಡುಗೆ ಮಾಡಿ ಮುಚ್ಚಿಟ್ಟು, ಒಳ್ಳೆಯ ಸೀರೆ ಉಟ್ಟು, ಮುಖವನ್ನು ಆದಷ್ಟು ಬಾಡಿಸಿಕೊಂಡು ಬಸ್ಸು ಹತ್ತುತ್ತಿದ್ದರು. ದೇವನಹಳ್ಳಿ ಬರುವಷ್ಟರಲ್ಲಿ ಮುಖ ಅರಳಿರುತ್ತಿತ್ತು. ಸೊಣ್ಣಮ್ಮ ಅವರಿಗಾಗಿ ಒಂದು ಮೊಳ ಮಲ್ಲಿಗೆ ತೆಗೆದಿಟ್ಟಿರುತ್ತಿದ್ದಳು. ಇಬ್ಬರೂ ಸಾಲಿನಲ್ಲಿ ನಿಂತು, ಇವತ್ತಿನ ಸಾಂಬಾರಿನಲ್ಲಿ ಬೀಳುವುದು ಕುಂಬಳಕಾಯೋ ಮೂಲಂಗಿಯೋ ಎಂದು ವಾದ ಹೂಡುತ್ತಿದ್ದರು. ಸೋತವರು ಕಾಫಿ ಕುಡಿಸಬೇಕು. ಮೂಗು ಚೂಪಿದ್ದ ಮುನಿಲಕ್ಷ್ಮಮ್ಮ ಸಾಲಿನಿಂದಲೇ ವಾಸನೆ ಹಿಡಿದು ಗೆಲ್ಲುತ್ತಿದ್ದರು. "ನಿನ್ ಜೊತೆ ಆಡೋದ್ ಮೋಸ ಕಣೇ" ಎಂದು ಸೊಣ್ಣಮ್ಮ ಬಯ್ಯುತ್ತಿದ್ದಳು. ಏಕವಚನಕ್ಕೆ ಬರಲು ಇಬ್ಬರಿಗೂ ಹೆಚ್ಚು ದಿನ ಬೇಕಾಗಲಿಲ್ಲ.

ಇತ್ತ ಮನೆಯಲ್ಲಿ ಗಾಬರಿ ಶುರುವಾಗಿತ್ತು. ಪ್ರತಿ ವಾರ ಕರೆಯುವ ಕಾಯಿಲೆ ಎಂದರೆ ಸಣ್ಣದಲ್ಲ. ಅರ್ಪಿತ ಮೊಬೈಲಿನಲ್ಲಿ ತಲೆಸುತ್ತಿನ ಬಗ್ಗೆ ಓದಿ ಓದಿ ತನಗೇ ತಲೆಸುತ್ತು ಬರಿಸಿಕೊಂಡಳು. ಅಪ್ಪಯ್ಯಣ್ಣ ಹೆಂಡತಿಗೆ ಉಪ್ಪು, ಎಣ್ಣೆ, ಖಾರ ನಿಲ್ಲಿಸಬೇಕೆಂದು ಆಜ್ಞೆ ಮಾಡಿದರು. ಅಡುಗೆ ಮಾಡುವವರು ಮುನಿಲಕ್ಷ್ಮಮ್ಮನೇ ಆದ್ದರಿಂದ, ಎಲ್ಲರಿಗೂ ಒಂದು ಸಾರು ಮಾಡಿ ತಮಗೆಂದು ಇನ್ನೊಂದು ಸಪ್ಪೆ ಸಾರನ್ನೂ ಮಾಡಬೇಕಾಯಿತು. ಸುದ್ದಿ ನೆಂಟರಿಗೆ ಹೋಯಿತು. ಒಬ್ಬೊಬ್ಬರಾಗಿ ಬ್ರೆಡ್ಡು, ಮೂಸಂಬಿ ಹಿಡಿದು ನೋಡಲು ಬಂದರು. ಹೊಸಕೋಟೆಯ ನಾದಿನಿಯಂತೂ ವಾರವಿಡೀ ಉಳಿದು, "ನೀನ್ ಸುಸ್ತ್ ಮಾಡ್ಕೋಬೇಡ ಅತ್ತಿಗೆ, ಇವತ್ತು ಸಿಂಪಲ್ಲಾಗಿ ಹಿತಕಿದ ಬೇಳೆ ಸಾರು ಸಾಕು" ಎಂದಳು. ಹಿತಕಿದ ಬೇಳೆ ಎಂದರೆ ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿಚುಕಿ ಸಿಪ್ಪೆ ತೆಗೆಯಬೇಕು. ರೋಗಿ ಕೂತು ಹಿಚುಕಿದರು.

ಇದನ್ನೆಲ್ಲ ತಡೆದುಕೊಳ್ಳಲು ಅವರಿಗೆ ಒಂದು ಗುರುವಾರ ಸಾಲದಾಯಿತು. "ಸೋಮವಾರಾನೂ ಬಾ ಅಂದಿದಾರೆ" ಎಂದುಬಿಟ್ಟರು.

ಅದೇ ತಪ್ಪಾಯಿತು. ಎದುರು ಮನೆಯ ದೊಡ್ಡಮುನಿಯಪ್ಪ, ಊರಿನ ಎಲ್ಲರ ಕಾಯಿಲೆಯೂ ಬಾಯಿಪಾಠವಿರುವ ಮನುಷ್ಯ, ಜಗಲಿಗೆ ಬಂದು ದನಿ ತಗ್ಗಿಸಿ ಅಪ್ಪಯ್ಯಣ್ಣನಿಗೆ ಹೇಳಿದರು. "ವಾರಕ್ಕೆ ಎರಡ್ ಸಲ ಅಂದ್ರೆ ಇನ್ನೇನಪ್ಪಾ, ಡಯಾಲಿಸಿಸ್ಸೇ. ನಿಂಗೆ ಹೇಳೋಕೆ ಅವಳಿಗೆ ಮನ್ಸ್ ಬಂದಿಲ್ಲ."

ಆ ರಾತ್ರಿ ಅಪ್ಪಯ್ಯಣ್ಣ ಉಣ್ಣಲಿಲ್ಲ. ಯಾಕೆ ಎಂದು ಮುನಿಲಕ್ಷ್ಮಮ್ಮ ಕೇಳಿದ್ದಕ್ಕೆ "ಹಸಿವಿಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಕೇಳಿಸಿದ್ದು ಗೊರಕೆಯಲ್ಲ, ಅವರು ಮೂಗೊರೆಸಿಕೊಳ್ಳುತ್ತಿದ್ದರು.

ಮುಂದಿನ ಗುರುವಾರ ಹೆಂಡತಿ ಹೋದ ಬಸ್ಸಿನ ಹಿಂದಿನ ಬಸ್ಸು ಹಿಡಿದು ಅಪ್ಪಯ್ಯಣ್ಣನೂ ಆಸ್ಪತ್ರೆಗೆ ಹೋದರು. ಹೆಸರು ಹೇಳಿ, ಊರು ಹೇಳಿ, ಡಯಾಲಿಸಿಸ್ ಎಲ್ಲಿ ಎಂದು ವಿಚಾರಿಸಿದರು. ಡಯಾಲಿಸಿಸ್ ಪಟ್ಟಿಯಲ್ಲಿ ಅಂಥ ಹೆಸರೇ ಇರಲಿಲ್ಲ. ಅಷ್ಟರಲ್ಲಿ ಆ ಡಾಕ್ಟರಮ್ಮನೇ ಎದುರಿಗೆ ಸಿಕ್ಕರು. "ಬೂದಿಗೆರೆಯವರಾ? ಎಲ್ರಿಗೂ ದೋಸೆ ಹುಯ್ದು ಬರೀ ಕಾಫಿ ಕುಡ್ಕೊಂಡ್ ಬಂದಿದ್ರಲ್ಲ, ಅವರು ತಾನೇ? ಒಂದೇ ಸಲ ಬಂದಿದ್ದು. ಗಟ್ಟಿಮುಟ್ಟಾಗಿದಾರೆ."

ಅಪ್ಪಯ್ಯಣ್ಣನಿಗೆ ಸಮಾಧಾನವಾಗುವ ಬದಲು ಇನ್ನೊಂದು ದಿಗಿಲು ಹತ್ತಿತು. ಕಾಯಿಲೆ ಇಲ್ಲದಿದ್ದರೆ ಹೆಂಡತಿ ವಾರಕ್ಕೆ ಎರಡು ಸಲ ಎಲ್ಲಿಗೆ ಹೋಗುತ್ತಿದ್ದಾಳೆ? ತವರಿನ ಜಮೀನಿನ ಪಾಲು ಕೇಳಲು ವಕೀಲರ ಹತ್ತಿರವೇ? ಯಾವುದಾದರೂ ಆಶ್ರಮ ಸೇರಲು ಮಾತುಕತೆ ನಡೆಸುತ್ತಿದ್ದಾಳೆಯೇ? ಯೋಚಿಸುತ್ತ ಬಸ್ ನಿಲ್ದಾಣದ ಕಡೆ ನಡೆದರು. ಅಲ್ಲಿ ಯಾರೋ ಗಟ್ಟಿಯಾಗಿ ನಗುತ್ತಿದ್ದರು. ತಲೆ ಹಿಂದಕ್ಕೆ ಚೆಲ್ಲಿ, ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಗುವ ಹೆಂಗಸು. ನಮ್ಮವಳ ಹಾಗೇ ಇದ್ದಾಳಲ್ಲ ಎಂದುಕೊಂಡರು. ಸೀರೆಯೂ ಅದೇ. ಆಮೇಲೆ ಹೊಳೆಯಿತು.

"ಲೇ!" ಎಂದು ಸಾಲಿನ ಮುಂಭಾಗಕ್ಕೇ ನುಗ್ಗಿದರು.

ಸೊಣ್ಣಮ್ಮ ಬುಟ್ಟಿಯನ್ನು ಅಡ್ಡ ಹಿಡಿದಳು. "ಯಜಮಾನ್ರೇ, ಲೈನು ಹಿಂದಿಂದ."

"ಅವಳು ನನ್ ಹೆಂಡ್ತಿ ಕಣಮ್ಮ!"

"ಆದ್ರೇನಂತೆ? ಹೆಂಡ್ತಿ ಮುಂದೆ ನಿಂತಿದ್ರೆ ಗಂಡಂಗೆ ಸೀಟ್ ಹಿಡ್ದಂಗಾ? ಹಿಂದುಗಡೆ ಹೋಗಿ."

ಸಾಲಿನಲ್ಲಿದ್ದ ಆಟೋದವರೆಲ್ಲ "ಗುರು, ಲೈನಲ್ ಬಾ ಗುರು" ಎಂದು ಕೂಗಿದರು. ಮುನಿಲಕ್ಷ್ಮಮ್ಮ ಗಂಡನ ಮುಖವನ್ನೊಮ್ಮೆ ನೋಡಿದರು. ಆದರೂ ಸಾಲು ಬಿಟ್ಟು ಹೊರಗೆ ಬರಲಿಲ್ಲ. ಬಿಟ್ಟರೆ ಜಾಗ ಹೋಗುತ್ತದೆ. ಹೆಂಡತಿಯ ಬಳಿ ಹೋಗಲು ಬೇರೆ ದಾರಿಯೇ ಇಲ್ಲವೆಂದು ಅಪ್ಪಯ್ಯಣ್ಣ ಬೈದುಕೊಳ್ಳುತ್ತ ಸಾಲಿನ ಬಾಲಕ್ಕೆ ಹೋಗಿ ನಿಂತರು, ಟೋಕನ್ ಪಡೆದರು, ತಟ್ಟೆ ಹಿಡಿದರು.

ಅವತ್ತು ಕ್ಯಾಂಟೀನಿನಲ್ಲಿ ಮುದ್ದೆ, ಸೊಪ್ಪಿನ ಸಾರು.

ಅಪ್ಪಯ್ಯಣ್ಣ ತಟ್ಟೆ ಸಮೇತ ಬಂದು ಹೆಂಡತಿಯ ಎದುರು ನಿಂತರು. ಮುನಿಲಕ್ಷ್ಮಮ್ಮ ಬಿಸಿ ಮುದ್ದೆಯನ್ನು ಮುರಿದು, ಬೆರಳು ಸುಟ್ಟುಕೊಂಡು, ಉಫ್ ಉಫ್ ಎಂದು ಊದಿ, ಸಾರಿನಲ್ಲಿ ಅದ್ದುತ್ತಿದ್ದರು.

"ಏನ್ ಕಾಯ್ಲೆ ನಿಂಗೆ?"

"ಏನಿಲ್ಲ."

"ಮತ್ತೆ? ಮನೇಲಿ ಮುದ್ದೆ ಇಲ್ವಾ? ಊರಿಗೆಲ್ಲ ಮುದ್ದೆ ಹಾಕೋ ಮನೆಯೋಳು ಇಲ್ ಬಂದ್ ಮುದ್ದೆ ತಿನ್ನೋದಾ?"

"ಮನೇಲಿ ಮುದ್ದೆ ಇದೆ. ಬಿಸಿ ಮುದ್ದೆ ಇಲ್ಲ."

"ಇಲ್ವಾ? ನಾನ್ ದಿನಾ ಬಿಸೀದೇ ತಿಂತೀನಲ್ಲ!"

"ಹೂಂ. ನೀವ್ ತಿಂತೀರ."

ಅಪ್ಪಯ್ಯಣ್ಣನಿಗೆ ಮನೆಯ ಊಟದ ಹೊತ್ತು ಕಣ್ಣ ಮುಂದೆ ಬಂತು. ಮೊದಲ ಪಂಕ್ತಿ, ಎರಡನೇ ಪಂಕ್ತಿ, ಆಮೇಲೆ ಶಿಫ್ಟಿನಿಂದ ಬರುವ ಮಗ, ಆಮೇಲೆ ಹೊಲದಿಂದ ಬರುವ ಆಳುಗಳು. ಕೊನೆಗೆ ತಣ್ಣಗಾಗಿ ಕಲ್ಲಾದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಒಲೆಯ ಪಕ್ಕ ಕೂರುವ ಹೆಂಡತಿ. ಇದನ್ನೆಲ್ಲ ಅವರು ನೋಡಿರಲಿಲ್ಲವೆಂದಲ್ಲ. ನೋಡುವಂಥದ್ದು ಅದರಲ್ಲಿ ಏನಿದೆ ಎಂದುಕೊಂಡಿದ್ದರು. ತಲೆ ತಗ್ಗಿಸಿ ತಮ್ಮ ತಟ್ಟೆಯ ಮುದ್ದೆ ಮುರಿದರು. ಒಂದು ತುತ್ತು ನುಂಗಿ ಗೊಣಗಿದರು, "ಮುದ್ದೆ ನಿನ್ ಥರ ಇಲ್ಲ."

"ಇಲ್ಲ. ಅದಕ್ಕೇ ಬರ್ತೀನಿ" ಎಂದರು ಮುನಿಲಕ್ಷ್ಮಮ್ಮ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪಯ್ಯಣ್ಣ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡದ್ದು, ಹೆಂಡತಿ ಪುಕ್ಕಟೆ ಬಂದದ್ದು ಇನ್ನೊಂದು ಉರಿ. ಅದಕ್ಕಿಂತ ದೊಡ್ಡ ಚಿಂತೆ ಊರಿನದು. ಅಪ್ಪಯ್ಯಣ್ಣನ ಹೆಂಡತಿ ಸಾಲಿನಲ್ಲಿ ನಿಂತು ಸರ್ಕಾರಿ ಊಟ ಮಾಡುತ್ತಾಳೆ ಎಂದು ಗೊತ್ತಾದರೆ ಮಾನ ಹೋದಂತೆ. ಬೂದಿಗೆರೆ ಹತ್ತಿರ ಬಂದಾಗ ಅವರಿಗೊಂದು ಉಪಾಯ ಹೊಳೆಯಿತು.

"ನೋಡು, ನೀನ್ ಹೋಗೋದಾದ್ರೆ ಹೋಗು. ನಾನ್ ಬೇಡ ಅನ್ನಲ್ಲ. ಆದ್ರೆ ಕಾಯ್ಲೆ ಹಂಗೇ ಇರ್ಲಿ."

"ಯಾವ್ ಕಾಯ್ಲೆ?"

"ಯಾವ್ದೋ ಒಂದು. ಟ್ರೀಟ್‌ಮೆಂಟ್ ನಡೀತಿದೆ ಅನ್ನೋಣ."

"ನಡೀಲಿ. ಆದ್ರೆ ನೋಡಕ್ ಬರೋರಿಗೆ ಹಿತಕಿದ ಬೇಳೆ ನೀವೇ ಹಿಚುಕ್ಬೇಕು."

ಅಪ್ಪಯ್ಯಣ್ಣ ಒಪ್ಪಿದರೋ ಇಲ್ಲವೋ ಹೇಳುವಷ್ಟರಲ್ಲಿ ಸ್ಟಾಪು ಬಂತು. ಅಲ್ಲಿ ದೊಡ್ಡಮುನಿಯಪ್ಪ ಮುಖ ಸಣ್ಣಗೆ ಮಾಡಿಕೊಂಡು ಕಾಯುತ್ತಿದ್ದರು. "ಹೆಂಗಿದೀಯ ತಾಯಿ? ಸೂಜಿ ತುಂಬಾ ನೋವಾ?"

ಅಪ್ಪಯ್ಯಣ್ಣ ಗಂಟಲು ಸರಿಪಡಿಸಿಕೊಂಡರು. ಅದಕ್ಕೆ ಮೊದಲೇ ಮುನಿಲಕ್ಷ್ಮಮ್ಮ, ಇಡೀ ಬಸ್ ಸ್ಟಾಪಿಗೆ ಕೇಳುವಂತೆ, "ಯಾವ್ ಸೂಜಿನೂ ಇಲ್ಲ ಭಾವ. ದೇವನಹಳ್ಳಿ ಕ್ಯಾಂಟೀನ್‌ಗೆ ಊಟಕ್ ಹೋಗಿದ್ದೆ. ಇವ್ರೂ ಬಂದಿದ್ರು. ಮುದ್ದೆ ಇತ್ತು" ಎಂದು ಹೇಳಿ ಮನೆಯ ಕಡೆ ನಡೆದರು.

ಎರಡು ದಿನ ಊರಿನಲ್ಲಿ ಬೇರೆ ಮಾತಿರಲಿಲ್ಲ. "ಅಷ್ಟೊಂದ್ ಇರೋರು ಯಾರ್ಯಾರ ಜೊತೆಗೋ ನಿಂತ್ಕೊಂಡ್ ತಿನ್ನೋದಾ?" ಎಂದು ದೊಡ್ಡಮುನಿಯಪ್ಪ ಹೋದಲ್ಲೆಲ್ಲ ಹೇಳಿದರು. ವಸಂತ ಅಮ್ಮನ ಮೇಲೆ ಒಂದಿಷ್ಟು ಮುನಿಸಿಕೊಂಡ. ಅರ್ಪಿತ ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ಬಿದ್ದು ಬಿದ್ದು ನಕ್ಕು, ಹೊರಗೆ ಬಂದು ಅತ್ತೆಯ ಕೈ ಹಿಡಿದು, "ಪರೀಕ್ಷೆ ಮುಗೀಲಿ, ನಾನೂ ಬರ್ತೀನಿ" ಎಂದಳು. ಅಂದು ರಾತ್ರಿ ಗೋಡೆಯಾಚೆಯಿಂದ ಅಪ್ಪಯ್ಯಣ್ಣನವರ ದನಿ ಕೇಳಿಸಿತು: "ಮೊದ್ಲು ನೀನ್ ಕೂತ್ಕೊ. ಮಿಕ್ಕೋರು ಆಮೇಲೆ." ಪಾತ್ರೆಯೊಂದು ಕೆಳಗೆ ಬಿದ್ದ ಸದ್ದೂ ಬಂತು. ಬಡಿಸಲು ಹೋಗಿ ಸಾರು ಚೆಲ್ಲಿದರಂತೆ.

ಮುಂದಿನ ಗುರುವಾರ ಬಸ್ ಸ್ಟಾಪಿನಲ್ಲಿ ಮುನಿಲಕ್ಷ್ಮಮ್ಮ ಒಬ್ಬರೇ ಇರಲಿಲ್ಲ. ಊರಿನ ಮೂವರು ಹೆಂಗಸರು ಒಳ್ಳೆಯ ಸೀರೆಯುಟ್ಟು ನಿಂತಿದ್ದರು. ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಗ್ಯಾಸು. ಮೂರನೆಯವರು ದೊಡ್ಡಮುನಿಯಪ್ಪನವರ ಹೆಂಡತಿ. ಅವರು ಯಾವ ಕಾಯಿಲೆಯ ಹೆಸರನ್ನೂ ಹೇಳಲಿಲ್ಲ. ನಾನೂ ಹೋಗಿದ್ದೆ, ನನ್ನದು ಕಣ್ಣಿನ ಪರೀಕ್ಷೆ ಎಂದು ಮನೆಯಲ್ಲಿ ಹೇಳಿದ್ದೆ. ಅಂದು ಪುಳಿಯೋಗರೆ. ಕಡಲೆಕಾಯಿ ಬೀಜ ಜಾಸ್ತಿ ಬಿದ್ದಿದೆ ಎಂದು ನಾವು ಐವರೂ ಒಟ್ಟಿಗೆ ಟೀಕೆ ಮಾಡಿ, ಒಂದಗುಳೂ ಬಿಡದೆ ತಿಂದೆವು.

ಮೊನ್ನೆ ಸಂಕ್ರಾಂತಿ ಕಳೆದ ಮೇಲೆ ಒಂದು ಗುರುವಾರ ಕ್ಯಾಂಟೀನಿಗೆ ಬಣ್ಣ ಹೊಡೆಯುತ್ತಿದ್ದರು. ಎರಡು ದಿನ ಊಟವಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಅವತ್ತು ಮುನಿಲಕ್ಷ್ಮಮ್ಮ ಒಬ್ಬರೇ ಹೋಗಿದ್ದರು. ಸೊಣ್ಣಮ್ಮ ಬುಟ್ಟಿ ಎತ್ತಿಕೊಂಡು, "ಬಾ, ನಮ್ಮನೇಗೆ ಹೋಗಣ" ಎಂದಳು. ಕೋಟೆ ಗೋಡೆಯ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಮನೆ. ಒಳಗೆ ಹೋದ ಕೂಡಲೇ ಮುನಿಲಕ್ಷ್ಮಮ್ಮ ಅಭ್ಯಾಸಬಲದಿಂದ ಈರುಳ್ಳಿ ಬುಟ್ಟಿಗೆ ಕೈ ಹಾಕಿದರು. ಸೊಣ್ಣಮ್ಮ ಆ ಕೈಗೆ ಒಂದು ಏಟು ಕೊಟ್ಟಳು.

"ಮುಟ್ಟಬೇಡ. ಅಲ್ ಚಾಪೆ ಇದೆ, ಕೂತ್ಕೊ."

"ಹೆಚ್ಚಿಕೊಡ್ತೀನಿ ಕಣೇ, ಅಷ್ಟೇ."

"ಕೂತ್ಕೊ ಅಂದ್ನಲ್ಲ."

ಮುನಿಲಕ್ಷ್ಮಮ್ಮ ಕೂತರು. ಸೊಣ್ಣಮ್ಮ ಉಪ್ಪಿಟ್ಟು ಮಾಡಿದಳು, ಕೊಂಚ ಮುದ್ದೆಯಾಗಿತ್ತು. ಬಿಸಿಬಿಸಿಯಾಗಿ ತಿಂದು, ಕಾಫಿ ಕುಡಿದು, ಒಂದು ಗಳಿಗೆ ಎಂದು ಗೋಡೆಗೆ ಒರಗಿದ ಮುನಿಲಕ್ಷ್ಮಮ್ಮ ಹಾಗೇ ಚಾಪೆಗೆ ಜಾರಿ ನಿದ್ದೆ ಹೋದರು. ಸೊಣ್ಣಮ್ಮ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದಳು, ಎಬ್ಬಿಸಲಿಲ್ಲ. ಎಚ್ಚರವಾದಾಗ ಬೂದಿಗೆರೆ ಬಸ್ಸು ತಪ್ಪಿಹೋಗಿತ್ತು, ಬಿಸಿಲು ಇಳಿದಿತ್ತು. ಗಡಬಡಿಸಿ ಮನೆಗೆ ಫೋನು ಮಾಡಿದರು.

"ಬಸ್ ತಪ್ಪೋಯ್ತು. ಮುಂದಿನ್ ಬಸ್ಸಿಗೆ ಬರ್ತೀನಿ, ಹೊತ್ತಾಗುತ್ತೆ. ನೀವು ಅನ್ನಕ್ಕಿಟ್ಕೊಳಿ."

ಆ ಕಡೆಯಿಂದ ಡಬ್ಬಗಳ ಮುಚ್ಚಳ ತೆಗೆದು ಹಾಕುವ ಶಬ್ದ. ಆಮೇಲೆ ಅಪ್ಪಯ್ಯಣ್ಣ ಕೇಳಿದರು, "ಲೇ, ಒಂದ್ ಪಾವ್ ಅಕ್ಕಿಗೆ ಎಷ್ಟ್ ನೀರು?"

ಮುನಿಲಕ್ಷ್ಮಮ್ಮ ಯೋಚಿಸಿದರು. ಕೈಗೆ ಗೊತ್ತಿದ್ದ ಅಳತೆಯನ್ನು ಬಾಯಲ್ಲಿ ಹೇಳಲು ಬರಲಿಲ್ಲ. "ಅದು... ಒಂದ್ ಅಂದಾಜಿಗೆ..." ಎಂದು ತಡವರಿಸುತ್ತಿದ್ದಂತೆ, ಸೊಣ್ಣಮ್ಮ ಫೋನಿಗೆ ಬಾಯಿ ಹತ್ತಿರ ತಂದು ಕೂಗಿದಳು.

"ಎರಡೂವರೆ ಹಾಕಿ ಯಜಮಾನ್ರೇ! ಕುದಿಯೋವಾಗ ಅಲ್ಲೇ ನಿಂತಿರ್ಬೇಕು, ಜಗಲಿಗೆ ಹೋಗ್ಬಿಡ್ಬೇಡಿ!"